ತಿಂಗಳ ದಿನಸಿ ಚೀಟಿ ಹಾಕಿದ್ದೇನೆ, ಎಲ್ಲಿ ಎಡವಿದ್ದೇವೆ ನೋಡಿ ಹೇಳಿ

ಚಾಮರಾಜಪೇಟೆ_ಕಾಫಿ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಆಫೀಸಿನ ವರ್ಷದ ತಪಾಸಣೆಯಲ್ಲಿ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ 6.1 ಬಂದಿದೆ. ವಯಸ್ಸು 42. ಡಾಕ್ಟರು ರಿಪೋರ್ಟ್ ನೋಡಿ, "ಶುಗರ್ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದೆ. ಊಟ ಸರಿ ಮಾಡಿಕೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಸರಿ ಮಾಡೋದು ಅಂದರೆ ಹೇಗೆ ಸಾರ್ ಅಂತ ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕರೆದಿದ್ದರು.

ಅವತ್ತಿನಿಂದ ಬಿಟ್ಟಿ ಸಲಹೆಗೆ ಬರವಿಲ್ಲ. ತಂಗಿ ಅನ್ನ ಪೂರ್ತಿ ಬಿಡು ಅನ್ನುತ್ತಾಳೆ. ಪಕ್ಕದ ಮನೆಯವರು ಮೆಂತ್ಯದ ನೀರು ಅನ್ನುತ್ತಾರೆ. ಆಫೀಸಿನಲ್ಲಿ ಒಬ್ಬರದು ಹದಿನಾರು ಗಂಟೆ ಉಪವಾಸ. ಮನೆಯಲ್ಲಿ ಅಮ್ಮ (71), ಹೆಂಡತಿ, 11 ವರ್ಷದ ಮಗಳು ಇದ್ದಾರೆ. ನನಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಮಾಡು ಅಂತ ಹೆಂಡತಿಗೆ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ಅವಳೂ ಕೆಲಸಕ್ಕೆ ಹೋಗುತ್ತಾಳೆ.

ಹಾಗಂತ ನಾವು ಕಂಡಕಂಡದ್ದು ತಿನ್ನುವವರೂ ಅಲ್ಲ. ಪಿಜ್ಜಾ ವರ್ಷಕ್ಕೆ ಎರಡು ಸಲ. ಬೆಳಿಗ್ಗೆ ತಿಂಡಿ, ಎರಡು ಹೊತ್ತು ಅನ್ನ, ಸಾರು, ಪಲ್ಯ, ಮೊಸರು. ಹಾಗಾದರೆ ಎಡವಿದ್ದೆಲ್ಲಿ? ಏನು ತಿನ್ನುತ್ತೀರಿ ಅಂತ ಕೇಳಿದರೆ ಎಲ್ಲರೂ ಸ್ವಲ್ಪ ಸುಳ್ಳು ಹೇಳುತ್ತೇವೆ. ದಿನಸಿ ಚೀಟಿ ಸುಳ್ಳು ಹೇಳಲ್ಲ ಅಲ್ವಾ? ಅದಕ್ಕೇ ನಾಲ್ಕು ಜನರ ತಿಂಗಳ ಚೀಟಿ ಇಳಿಸುತ್ತಿದ್ದೇನೆ:

ಅಕ್ಕಿ 25 ಕೆಜಿ, ಗೋಧಿ ಹಿಟ್ಟು 5, ರವೆ ಅವಲಕ್ಕಿ ಶ್ಯಾವಿಗೆ ಸೇರಿ 5, ರಾಗಿ ಹಿಟ್ಟು 1 (ಅಮ್ಮನ ಅಂಬಲಿಗೆ). ತೊಗರಿಬೇಳೆ 2, ಉದ್ದಿನಬೇಳೆ 1, ಕಡಲೆಬೇಳೆ ಹೆಸರುಬೇಳೆ ಅರ್ಧರ್ಧ. ಸಕ್ಕರೆ 4, ಬೆಲ್ಲ 1. ಎಣ್ಣೆ 5 ಲೀಟರ್, ತುಪ್ಪ ಅರ್ಧ ಕೆಜಿ. ಉಪ್ಪು 1. ಕಡಲೆಕಾಯಿ ಬೀಜ ಅರ್ಧ. ಬಿಸ್ಕತ್ತು 8 ಪ್ಯಾಕೆಟ್. ತರಕಾರಿ ಸೊಪ್ಪು ಗಾಂಧಿ ಬಜಾರಿನಿಂದ ವಾರಕ್ಕೆ 4 ಕೆಜಿ. ಹಣ್ಣು ಅಂದರೆ ಬಾಳೆಹಣ್ಣು, ಅದೂ ದೇವರ ಲೆಕ್ಕಕ್ಕೆ.

ಬೈಯುವುದಿದ್ದರೂ ಬೈಯಿರಿ.

ಫಿಟ್_ಮಲ್ಲೇಶ್ವರಂ · ಸೋಮವಾರ, ರಾತ್ರಿ 10:05

ಗುರುವೇ, 25 ಕೆಜಿ ಅಕ್ಕಿ! ಇನ್ನೇನು ಬೇಕು ಕಾರಣ? ಮೊದಲು ಆ ಚೀಟಿ ಹರಿದು ಹಾಕಿ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಕಿನೋವಾ, ಸಂಜೆ ಚಿಯಾ ಬೀಜ ನೆನೆಸಿದ ನೀರು, ರಾತ್ರಿ ಪನೀರ್ ಸಲಾಡ್. ನಾನು ನಾಲ್ಕು ತಿಂಗಳಲ್ಲಿ 9 ಕೆಜಿ ಇಳಿದಿದ್ದೇನೆ. ಅನ್ನ ಮುಟ್ಟಿ ಎಷ್ಟು ದಿನ ಆಯಿತೋ ನೆನಪೇ ಇಲ್ಲ.

ಹಾಸನದ_ರಾಗಿ_ಹೊಲ · ಸೋಮವಾರ, ರಾತ್ರಿ 10:31

ಕಿನೋವಾ ಅಂತೆ! ದಕ್ಷಿಣ ಅಮೆರಿಕದ ಬೆಟ್ಟದ ಕಾಳು ತಂದು ಮಲ್ಲೇಶ್ವರದಲ್ಲಿ ಬೇಯಿಸೋದು. ನಮ್ಮ ಹೊಲದ ರಾಗಿಗೆ ಏನಾಗಿತ್ತು? 2023ನ್ನು ವಿಶ್ವಸಂಸ್ಥೆಯವರೇ ಸಿರಿಧಾನ್ಯ ವರ್ಷ ಅಂತ ಕರೆದರು, ಅದೂ ಭಾರತ ಕೇಳಿಕೊಂಡಿದ್ದಕ್ಕೆ.

ನಮ್ಮಪ್ಪ ಇಂಡಾಫ್ ರಾಗಿ ಬೆಳೆಯುತ್ತಿದ್ದರು. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಮಾಡಿಸಿ ತೆಗೆದ ತಳಿ ಅದು. 84 ವರ್ಷ ಬದುಕಿದರು ನಮ್ಮಪ್ಪ, ಎರಡು ಹೊತ್ತೂ ಮುದ್ದೆ. ಶುಗರ್ ಅಂದರೆ ಸಕ್ಕರೆ ಅನ್ನೋದು ಬಿಟ್ಟು ಬೇರೆ ಅರ್ಥ ಗೊತ್ತಿರಲಿಲ್ಲ. ನೀವು ಅಕ್ಕಿ ತೆಗೆದು ಆ 25 ಕೆಜಿಗೂ ರಾಗಿ ಹಾಕಿ. ಮುಗಿಯಿತು.

ಲೆಕ್ಕದ_ಮೇಡಂ · ಮಂಗಳವಾರ, ಬೆಳಿಗ್ಗೆ 6:15

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ನನಗೂ ಶುಗರ್ ಬಂದು 14 ವರ್ಷ ಆಯಿತು. ಈ ಚೀಟಿ ನೋಡಿ ಕೈ ಸುಮ್ಮನಿರಲಿಲ್ಲ, ಕಾಫಿ ಇಳಿಸುವ ಮೊದಲೇ ಪೆನ್ಸಿಲ್ ಹಿಡಿದೆ.

ನಾಲ್ಕು ಜನ, 30 ದಿನ. ಅಂದರೆ 120 ಪಾಲು. ಪ್ರತಿ ಸಾಮಾನನ್ನೂ 120ರಿಂದ ಭಾಗಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊಸ ಆಹಾರ ಮಾರ್ಗಸೂಚಿ ತಂದಿದೆ. ಅದರಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆಯ ಲೆಕ್ಕ ಇದೆ: ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ 400, ಹಣ್ಣು 100, ಬೀಜಗಳು 35, ಎಣ್ಣೆ ಕೊಬ್ಬು 27, ಹಾಲು ಮೊಸರು 300 ಮಿಲಿ. ನಿಮ್ಮ ಮಗಳು, ಅಮ್ಮ ಇಬ್ಬರಿಗೂ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಆದರೂ ಪಕ್ಕದಲ್ಲಿಟ್ಟು ನೋಡೋಕೆ ಸಾಕು.

ಈಗ ನಿಮ್ಮದು. ಧಾನ್ಯ ಒಟ್ಟು 36 ಕೆಜಿ, ತಲೆಗೆ ದಿನಕ್ಕೆ 300 ಗ್ರಾಂ. ಹೆಚ್ಚಿದೆ, ಆದರೆ ಎಲ್ಲರೂ ಬಾಯಿ ಬಡಿದುಕೊಳ್ಳುವಷ್ಟು ಅಲ್ಲ. 250ಕ್ಕೆ 30 ಕೆಜಿ ಆಗಬೇಕು, ಆರು ಕೆಜಿ ಹೆಚ್ಚು.

ಬೇಳೆಕಾಳು 4 ಕೆಜಿ. ತಲೆಗೆ 33 ಗ್ರಾಂ. ಬೇಕಾದ್ದು 85, ಅಂದರೆ ತಿಂಗಳಿಗೆ ಹತ್ತು ಕೆಜಿ ದಾಟಬೇಕು. ಅರ್ಧವೂ ಇಲ್ಲ. ಅದರಲ್ಲೂ ಇಡೀ ಕಾಳು ಒಂದೂ ಇಲ್ಲ, ನೋಡಿದಿರಾ? ಎಲ್ಲ ಬೇಳೆಯೇ. ಹೆಸರುಕಾಳು, ಕಡಲೆಕಾಳು, ಹುರುಳಿ, ಅಲಸಂದೆ ಯಾವುದೂ ಚೀಟಿಯಲ್ಲೇ ಇಲ್ಲ.

ತರಕಾರಿ ವಾರಕ್ಕೆ 4 ಅಂದರೆ ತಿಂಗಳಿಗೆ 16, ತಲೆಗೆ 133 ಗ್ರಾಂ. ಬೇಕಾದ್ದು 400. ಮೂರನೇ ಒಂದು ಪಾಲು. ಇದು ನನ್ನ ಪ್ರಕಾರ ನಿಮ್ಮ ಚೀಟಿಯ ದೊಡ್ಡ ತಪ್ಪು. ಅಕ್ಕಿ ಅಲ್ಲ.

ಸಕ್ಕರೆ ಬೆಲ್ಲ ಸೇರಿ 5 ಕೆಜಿ, ತಲೆಗೆ ಸುಮಾರು 42 ಗ್ರಾಂ. ಚಹಾ ಚಮಚದಲ್ಲಿ ನಾಲ್ಕು ಗ್ರಾಂ ಹಿಡಿದರೆ ದಿನಕ್ಕೆ ಹತ್ತು ಚಮಚ. ಇರಬೇಕಾದ್ದು 20ರಿಂದ 25 ಗ್ರಾಂ ಒಳಗೆ. ಬಿಸ್ಕತ್ತಿನೊಳಗಿನದು ಇದರಲ್ಲಿ ಸೇರಿಲ್ಲ. ಬೆಲ್ಲವನ್ನು ಬೇರೆ ಇಡಬೇಡಿ. ರಕ್ತಕ್ಕೆ ಹೋದ ಮೇಲೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ.

ಉಪ್ಪು ತಲೆಗೆ 8 ಗ್ರಾಂ ಮೇಲೆ. 5 ಸಾಕು. ಉಪ್ಪಿನಕಾಯಿ ಹಪ್ಪಳದ್ದು ಬೇರೆ.

ಎಣ್ಣೆ 5 ಲೀಟರ್. 27 ಗ್ರಾಂ ಲೆಕ್ಕಕ್ಕೆ ಮೂರೂವರೆ ಲೀಟರ್ ಆಗಬೇಕು. ನಿಮ್ಮ ಒಗ್ಗರಣೆ ಸೌಟಿಗೆ ಎಷ್ಟು ಹಿಡಿಯುತ್ತದೆ ಅಂತ ಯಾವತ್ತಾದರೂ ಅಳೆದಿದ್ದೀರಾ? ನಮ್ಮ ಮನೆಯದರಲ್ಲಿ ಆರು ಚಹಾ ಚಮಚ, 30 ಮಿಲಿ. ಒಂದು ಸೌಟು ಎತ್ತಿ ಬಾಣಲೆಗೆ ಹಾಕಿದರೆ ಒಬ್ಬರ ಇಡೀ ದಿನದ ಪಾಲು ಅಲ್ಲೇ ಖರ್ಚು. ಪಲ್ಯಕ್ಕೆ ಒಂದು, ಸಾರಿಗೆ ಒಂದು, ತಿಂಡಿಗೆ ಎರಡು ಅಂದರೆ ನಾಲ್ಕೂ ಜನರದ್ದು ಮುಗಿಯಿತು. ಆಮೇಲೆ ದೋಸೆ ಕಾವಲಿಗೆ, ಸಂಜೆ ಹಪ್ಪಳಕ್ಕೆ ಹಾಕುವುದೆಲ್ಲ ಸಾಲ.

ಚೀಟಿ ಹರಿಯಬೇಡಿ. ತಿದ್ದಿ.

ಚಾಮರಾಜಪೇಟೆ_ಕಾಫಿ · ಮಂಗಳವಾರ, ಬೆಳಿಗ್ಗೆ 8:50

ಮೇಡಂ, ಬಸ್ಸಿನಲ್ಲಿ ಕೂತು ಮೂರು ಸಲ ಓದಿದೆ. ನಾನು ಅಕ್ಕಿ ಒಂದೇ ಕಳ್ಳ ಅಂದುಕೊಂಡಿದ್ದೆ. ವಾರಕ್ಕೆ 12 ಕೆಜಿ ತರಕಾರಿ ಅಂದರೆ ನನ್ನ ಸ್ಕೂಟರಿಗೆ ಕ್ಯಾರಿಯರ್ ಬೇಕು. ಇನ್ನು ತೊಗರಿಬೇಳೆ ರೇಟು ನೋಡಿದ್ದೀರಲ್ಲ. ಹತ್ತು ಕೆಜಿ ಹೇಗೆ?

ಲೆಕ್ಕದ_ಮೇಡಂ · ಮಂಗಳವಾರ, ಬೆಳಿಗ್ಗೆ 9:10

ಹತ್ತೂ ಕೆಜಿ ತೊಗರಿ ಅಂತ ಯಾರು ಹೇಳಿದರು? ಹುರುಳಿ ಕೇಳಿ ನೋಡಿ. ನಮ್ಮ ಅಂಗಡಿಯಲ್ಲಂತೂ ತೊಗರಿಗಿಂತ ಅಗ್ಗ. ಬೀಜಗಳ ಲೆಕ್ಕಕ್ಕೂ ಬಾದಾಮಿಯೇ ಬೇಕಿಲ್ಲ, ಕಡಲೆಕಾಯಿ ಸಾಕು. ಬಿಸ್ಕತ್ತು, ಎಣ್ಣೆ, ಸಕ್ಕರೆಯಲ್ಲಿ ಉಳಿದ ದುಡ್ಡು ಈ ಕಡೆ ತಿರುಗಿಸಿ. ತರಕಾರಿ ಮೊದಲು 6 ಕೆಜಿ ಮಾಡಿ, ಆಮೇಲೆ 8. ಒಂದೇ ಸಲ 12 ತಂದರೆ ಫ್ರಿಜ್ಜಿನಲ್ಲಿ ಕೊಳೆಯುತ್ತದೆ, ಹೆಂಡತಿಯ ಕೈಲಿ ಬೈಗುಳ ಗ್ಯಾರಂಟಿ.

ಧಾರವಾಡ_ಪೇಢೆ · ಮಂಗಳವಾರ, ಮಧ್ಯಾಹ್ನ 1:20

ಹೆಸರು ನೋಡಿ ನಗಬೇಡಿ, ನಾನು ಪೇಢೆ ತಿನ್ನುವುದು ಬಿಟ್ಟು ಎರಡು ವರ್ಷ ಆಯಿತು.

ನಮ್ಮ ಕಡೆ ಊಟದ ತಾಟಿನಲ್ಲಿ ಒಂದು ವಿಷಯ ಇದೆ. ಬೆಂಗಳೂರಿಗೆ ಬಂದಾಗೆಲ್ಲ ಅದು ಇಲ್ಲ ಅಂತ ಎದ್ದು ಕಾಣುತ್ತದೆ. ರೊಟ್ಟಿ ಪಕ್ಕ ಹಸಿ ತರಕಾರಿ ಇದ್ದೇ ಇರುತ್ತದೆ. ತೊಳೆದ ಮೆಂತ್ಯ ಸೊಪ್ಪು ನಾಲ್ಕು ಎಸಳು, ಸವತಿಕಾಯಿ, ಮೂಲಂಗಿ, ಒಂದು ಗುದ್ದಿದ ಉಳ್ಳಾಗಡ್ಡಿ. ಅದಕ್ಕೆ ಯಾರೂ ಸಲಾಡ್ ಅನ್ನುವುದಿಲ್ಲ. ಅದಿಲ್ಲದೆ ರೊಟ್ಟಿ ಇಳಿಯುವುದಿಲ್ಲ ಅಷ್ಟೇ. ಜೊತೆಗೆ ಒಂದು ಸೊಪ್ಪಿನ ಪಲ್ಯ, ಒಂದು ಕಾಳಿನ ಪಲ್ಯ. ಮಡಿಕೆಕಾಳು ಇರಬಹುದು, ಹೆಸರು ಇರಬಹುದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಮಲ್ಲೇಶ್ವರದ ಗೆಳೆಯರು ಚಿಯಾ ಅಂದರಲ್ಲ, ಚಿಯಾದಲ್ಲಿ ಹುಡುಕುವ ಒಮೆಗಾ-3 ನಮ್ಮಜ್ಜಿಯ ಅಗಸಿ ಹಿಂಡಿಯಲ್ಲೂ ಇದೆ.

ಆದರೆ ಸುಳ್ಳು ಯಾಕೆ ಹೇಳಬೇಕು? ಇವತ್ತು ಧಾರವಾಡದಲ್ಲೂ ಸಂಜೆ ಐದಾದರೆ ಗಿರ್ಮಿಟ್ ಮಿರ್ಚಿ. ನನಗೆ ಶುಗರ್ ಬಂದಿದ್ದು ರೊಟ್ಟಿಯಿಂದ ಅಲ್ಲ, ಮಿರ್ಚಿ ಜೊತೆ ಕುಡಿಯುತ್ತಿದ್ದ ನಾಲ್ಕು ಚಹಾ ಮತ್ತು ಕುರ್ಚಿ ಬಿಟ್ಟು ಏಳದ ನೌಕರಿಯಿಂದ ಅಂತ ನನ್ನ ಅನುಮಾನ.

ಆಸ್ಪತ್ರೆ_ಅಡುಗೆಮನೆ · ಮಂಗಳವಾರ, ರಾತ್ರಿ 8:30

ನಾನು ಒಂದು ಆಸ್ಪತ್ರೆಯ ಆಹಾರ ವಿಭಾಗದಲ್ಲಿ ಕೆಲಸ ಮಾಡುವವಳು. ದಿನಾ ಇದೇ ಪ್ರಶ್ನೆ. ಮೇಡಂ ಲೆಕ್ಕ ನೋಡಿ ಖುಷಿಯಾಯಿತು, ನಾಳೆಯಿಂದ ನಾನೂ ಪೇಷೆಂಟುಗಳಿಗೆ ದಿನಸಿ ಚೀಟಿ ತನ್ನಿ ಅನ್ನುತ್ತೇನೆ.

ಮೊದಲು 6.1ರ ಬಗ್ಗೆ. 5.7ಕ್ಕಿಂತ ಕೆಳಗೆ ಸಾಮಾನ್ಯ, 5.7ರಿಂದ 6.4 ಹೊಸ್ತಿಲು, 6.5 ಮತ್ತು ಮೇಲೆ ಡಯಾಬಿಟೀಸ್. ಹೊಸ್ತಿಲಲ್ಲಿ ನೀವೊಬ್ಬರೇ ಇಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟೀಸ್ ಇದೆ, 13.6 ಕೋಟಿ ಜನ ನಿಮ್ಮ ಹಾಗೆ ಹೊಸ್ತಿಲ ಮೇಲೆ. ಇಲ್ಲಿಂದ ಹಿಂದೆ ಹೋಗಬಹುದು, ಅದೇ ಒಳ್ಳೆಯ ಸುದ್ದಿ.

ರಾಗಿ ಬಗ್ಗೆ ಹಾಸನದವರು ಬೇಜಾರು ಮಾಡಿಕೊಳ್ಳಬಾರದು. ರಾಗಿ ನನಗೂ ಇಷ್ಟ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಮೂರರ ಒಳಗೆ. ಆದರೆ ಪಿಷ್ಟದ ವಿಷಯಕ್ಕೆ ಬಂದರೆ ಇಬ್ಬರೂ ಅಣ್ಣ ತಮ್ಮಂದಿರೇ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ಮುದ್ದೆ ನುಂಗಿ "ರಾಗಿ ತಾನೇ" ಅಂದರೆ ಗ್ಲೂಕೋಮೀಟರ್ ಒಪ್ಪುವುದಿಲ್ಲ. ನನ್ನ ಹತ್ತಿರ ಬರುವ ಎಷ್ಟೋ ಜನ ಅನ್ನ ಬಿಟ್ಟಿರುತ್ತಾರೆ, ಮುದ್ದೆಯ ಗಾತ್ರ ಮಾತ್ರ ಕ್ರಿಕೆಟ್ ಬಾಲಿನಿಂದ ತೆಂಗಿನಕಾಯಿಗೆ ಹೋಗಿರುತ್ತದೆ. ಮುದ್ದೆಯ ಗುಟ್ಟು ಮುದ್ದೆಯಲ್ಲಿಲ್ಲ, ಅದರ ಜೊತೆಗಿನ ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನಲ್ಲಿ ಇದೆ. ಅನ್ನಕ್ಕೂ ಅಷ್ಟೇ ಸೊಪ್ಪು ಕಾಳು ಕೊಟ್ಟರೆ ಅನ್ನವೂ ಅಷ್ಟು ಕೆಟ್ಟದಲ್ಲ.

ಎರಡು ಅಡುಗೆ ಬೇಡ ಅಂದಿರಿ. ಬೇಕಿಲ್ಲ. ಅಡುಗೆ ಅದೇ ಇರಲಿ, ಬಡಿಸುವ ಕ್ರಮ ಬದಲಿಸಿ. ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ. ಅದನ್ನು ತಿಂದು ಅರ್ಧ ಮುಗಿಸಿದ ಮೇಲೆ ಅನ್ನ ಬರಲಿ. ತರಕಾರಿ ಬೇಳೆ ಮೊದಲು ಹೋದರೆ ಊಟದ ನಂತರ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ. ನಮ್ಮ ಮದುವೆ ಮನೆ ಎಲೆಯಲ್ಲಿ ಕೋಸಂಬರಿ ಪಲ್ಯ ಮೊದಲು ಬೀಳುತ್ತದೆ, ಅನ್ನ ಆಮೇಲೆ. ನಾವು ಅನ್ನ ಬರುವವರೆಗೂ ಕೈ ಕಟ್ಟಿ ಕೂರುತ್ತೇವೆ, ಅಷ್ಟೇ ವ್ಯತ್ಯಾಸ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಟಿವಿ ಮುಂದೆ ಕೂರಬೇಡಿ.

ಕಾಳು ಒಂದೇ ಸಲ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರ ಬರುತ್ತದೆ, ಆಮೇಲೆ ಕಾಳಿಗೆ ಬೈಯುತ್ತೀರಿ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಇಂಗು ಶುಂಠಿ ಹಾಕಿ ಚೆನ್ನಾಗಿ ಬೇಯಿಸಿ. ಕಿಡ್ನಿ ತೊಂದರೆ ಇರುವವರು ಮಾತ್ರ ಕಾಳು, ಸೊಪ್ಪು ಹೆಚ್ಚಿಸುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. "ಲೋ ಸೋಡಿಯಂ" ಉಪ್ಪಿಗೂ ಅದೇ ಮಾತು, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ.

ಇನ್ನೊಂದು. ಹೆಸರಲ್ಲೇ ಕಾಫಿ ಇಟ್ಟುಕೊಂಡಿದ್ದೀರಿ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ ಟೀ ಬೇಡ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಕ್ಕೆ ಅಡ್ಡಿ. ಇದು ಮನೆಯ ಹೆಂಗಸರಿಗೆ ನಿಮಗಿಂತ ಮುಖ್ಯ. ಸೊಪ್ಪಿನ ಮೇಲೆ ನಿಂಬೆ ಹಿಂಡಿ.

ಹಾಸನದ_ರಾಗಿ_ಹೊಲ · ಮಂಗಳವಾರ, ರಾತ್ರಿ 9:02

ತೆಂಗಿನಕಾಯಿ ಗಾತ್ರದ ಮುದ್ದೆ ಅಂದಿದ್ದು ನನಗೇ ಹೇಳಿದ ಹಾಗಿದೆ 😀 ಒಪ್ಪಿದೆ ಮೇಡಂ. ಅಪ್ಪ ಮುದ್ದೆ ಉಂಡು ನೇಗಿಲು ಹಿಡಿಯುತ್ತಿದ್ದರು. ನಾನು ಮುದ್ದೆ ಉಂಡು ಕಾರಿನ ಎಸಿ ಹಾಕುತ್ತೇನೆ. ಆದರೂ ಕಿನೋವಾ ಮಾತ್ರ ಬೇಡ.

ಫಿಟ್_ಮಲ್ಲೇಶ್ವರಂ · ಮಂಗಳವಾರ, ರಾತ್ರಿ 9:15

ಸರಿ, ಕಿನೋವಾ ವಾಪಸ್. ಆದರೆ ಓಟ್ಸ್‌ಗೆ ಏನು ತೊಂದರೆ ಹೇಳಿ. ಅದರಲ್ಲೂ ನಾರು ಇದೆಯಲ್ಲ?

ಆಸ್ಪತ್ರೆ_ಅಡುಗೆಮನೆ · ಮಂಗಳವಾರ, ರಾತ್ರಿ 9:40

ಓಟ್ಸ್‌ಗೆ ತೊಂದರೆ ಇಲ್ಲ. ಮಸಾಲೆ ಪುಡಿ ಬೆರೆಸಿದ ಎರಡು ನಿಮಿಷದ ಓಟ್ಸ್ ಪೊಟ್ಟಣ ತಿರುಗಿಸಿ ಉಪ್ಪು ಎಷ್ಟಿದೆ ನೋಡಿ, ಅಷ್ಟೇ. ಸಾದಾ ಓಟ್ಸ್ ತಂದು ಅದಕ್ಕೆ ತರಕಾರಿ ಹಾಕಿ ಉಪ್ಪಿಟ್ಟು ಮಾಡಿಕೊಂಡರೆ ನನ್ನದೇನೂ ತಕರಾರಿಲ್ಲ.

ರಾತ್ರಿ_ಪಾಳಿ · ಬುಧವಾರ, ಬೆಳಗಿನ ಜಾವ 3:10

ನಿಮಗೆಲ್ಲ ಅಡುಗೆಮನೆ ಇದೆ, ಪುಣ್ಯವಂತರು. ನಾನು ಪಿಜಿಯಲ್ಲಿ ಇದ್ದೇನೆ, ಹೆಸರು ಬೇಡ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನದ ಜೊತೆ ಬೇಳೆ ಹುಡುಕಬೇಕಾದ ಸಾರು, ರಾತ್ರಿ ಮಧ್ಯಾಹ್ನದ ಅನ್ನವೇ ಪುಳಿಯೋಗರೆ ಆಗಿ ಮರುಜನ್ಮ ಪಡೆದಿರುತ್ತದೆ. ಪಲ್ಯ ಭಾನುವಾರ ಮಾತ್ರ, ಅದೂ ಆಲೂಗಡ್ಡೆ. ಕೇಳಿದರೆ "ಬಾಡಿಗೆಗೆ ತಕ್ಕ ಊಟ" ಅನ್ನುತ್ತಾರೆ. ರೂಮಿನಲ್ಲಿ ಒಲೆ ಹಚ್ಚುವ ಹಾಗಿಲ್ಲ. ಇರುವುದು ಒಂದು ಕೆಟಲ್. ಕೆಲಸದ ನಡುವೆ ರಾತ್ರಿ ಎರಡಕ್ಕೆ ಹಸಿವಾದರೆ ಚಿಪ್ಸ್ ಮೆಷಿನ್ ಬಿಟ್ಟರೆ ಗತಿಯಿಲ್ಲ. ನನ್ನ ದಿನಸಿ ಚೀಟಿ ಏನು ಅಂತ ಬರೆಯಲಿ?

ಲೆಕ್ಕದ_ಮೇಡಂ · ಬುಧವಾರ, ಬೆಳಿಗ್ಗೆ 6:05

ಮಗು, ಮೂರು ಗಂಟೆಗೆ ಎದ್ದಿದ್ದೀಯಲ್ಲ, ಮೊದಲು ನಿದ್ದೆ ಮಾಡು.

ಒಂದು ಹಿಡಿ ಹೆಸರುಕಾಳು ಬೆಳಿಗ್ಗೆ ನೀರಿಗೆ ಹಾಕು. ಸಂಜೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಬಕೆಟ್ ಹಿಡಿಗೆ ನೇತು ಹಾಕು. ಮರುದಿನಕ್ಕೆ ಮೊಳಕೆ. ಕೆಟಲ್‌ನ ಕುದಿಯುವ ನೀರು ಸುರಿದು ಐದು ನಿಮಿಷ ಮುಚ್ಚಿಡು, ಹಸಿಯಾಗಿ ತಿನ್ನಬೇಡ. ನೀರು ಚೆಲ್ಲಿ ಈರುಳ್ಳಿ, ಸೌತೆಕಾಯಿ, ನಿಂಬೆ, ಉಪ್ಪು. ನನ್ನ ಮಗ ಹಾಸ್ಟೆಲಿನಲ್ಲಿದ್ದಾಗ ಕಲಿಸಿದ್ದು.

ಧಾರವಾಡ_ಪೇಢೆ · ಬುಧವಾರ, ಬೆಳಿಗ್ಗೆ 9:30

ಮೊಟ್ಟೆ ತಿನ್ನುತ್ತೀರಾದರೆ ಕೆಟಲ್‌ನಲ್ಲೇ ಬೇಯುತ್ತದೆ. ಸರ್ಕಾರಿ ಶಾಲೆ ಮಕ್ಕಳಿಗೆ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ, ನೀವೂ ದಿನಕ್ಕೊಂದು ತಿನ್ನಿ. ಎರಡು ಗಂಟೆ ಹಸಿವಿಗೆ ಹುರಿದ ಶೇಂಗಾ, ಪುಠಾಣಿ ಒಂದು ಡಬ್ಬಿ ಬ್ಯಾಗಿನಲ್ಲಿ ಇರಲಿ. ದರ್ಶಿನಿಗೆ ಹೋದರೆ ಚೌಚೌ ಬಾತ್ ಬದಲು ಇಡ್ಲಿ ತೆಗೆದುಕೊಂಡು ಸಾಂಬಾರ್ ಎರಡು ಸಲ ಹಾಕಿಸಿಕೊಳ್ಳಿ, ಅದರಲ್ಲಿರುವ ತರಕಾರಿ ಬಿಡಬೇಡಿ. ಬಾಳೆಹಣ್ಣು, ಮೊಸರಿನ ಪ್ಯಾಕೆಟ್‌ಗೆ ಒಲೆ ಬೇಕಿಲ್ಲ.

ಕುಂದಾಪುರ_ಕಡಲು · ಬುಧವಾರ, ಸಂಜೆ 6:45

ಎಲ್ಲರೂ ರಾಗಿ ಜೋಳ ಅಂತ ಜಗಳ ಮಾಡುತ್ತಿದ್ದೀರಿ, ನಮ್ಮ ಕುಚ್ಚಲಕ್ಕಿಯನ್ನು ಯಾರೂ ನೆನಪು ಮಾಡಿಕೊಳ್ಳಲಿಲ್ಲ. ಭತ್ತ ಬೇಯಿಸಿ ಒಣಗಿಸುವಾಗ ತೌಡಿನ ವಿಟಮಿನ್ ಒಂದಿಷ್ಟು ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ ಮಾಡಿದರೂ ಬೆಳ್ತಿಗೆ ಅಕ್ಕಿಯಷ್ಟು ಬರಿದಾಗುವುದಿಲ್ಲ. ಬೆಳಿಗ್ಗೆ ಗಂಜಿ ಉಂಡರೆ ಹನ್ನೊಂದು ಗಂಟೆಗೆ ಬಿಸ್ಕತ್ತು ನೆನಪಾಗುವುದಿಲ್ಲ, ನನ್ನ ಅನುಭವ.

ಮೀನು ತಿನ್ನುವವರು ದುಬಾರಿ ಅಂಜಲ್ ಹಿಂದೆ ಓಡಬೇಡಿ. ಬೂತಾಯಿ, ಬಂಗುಡೆ ಅಗ್ಗ, ಒಳ್ಳೆಯ ಕೊಬ್ಬು ಇರುವುದೂ ಇವುಗಳಲ್ಲೇ. ಹುಳಿ ಖಾರದ ಪುಳಿಮುಂಚಿ ಸಾರು ಮಾಡಿ. ರವಾ ಫ್ರೈ ಮಾಡಿದರೆ ಮೀನಿನ ಲಾಭ ಎಣ್ಣೆಗೆ ಹೋಯಿತು. ರವಾ ಫ್ರೈ ರುಚಿ ಅನ್ನುವುದು ಬೇರೆ ವಿಷಯ, ಅದರ ಬಗ್ಗೆ ನಾನು ಸುಳ್ಳು ಹೇಳುವುದಿಲ್ಲ.

ಚಾಮರಾಜಪೇಟೆ_ಕಾಫಿ · ಭಾನುವಾರ, ಸಂಜೆ 7:20

ಇವತ್ತು ಮಗಳನ್ನು ಕರೆದುಕೊಂಡು ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ನಡೆದದ್ದು ಹೇಳಲೇಬೇಕು.

ಮಾಮೂಲಿ ಬಿಸ್ಕತ್ತು ಬೇಡ, ರಾಗಿ ಬಿಸ್ಕತ್ತು ತಗೋ ಅಂತ ನಾನೇ ಹೇಳಿದೆ. ಪ್ಯಾಕೆಟ್ ಮೇಲೆ ರಾಗಿ ತೆನೆ ಚಿತ್ರ, ಹಸಿರು ಎಲೆ, ಮಣ್ಣಿನ ಬಣ್ಣ. ಮಗಳು ತಿರುಗಿಸಿ ಸಣ್ಣ ಅಕ್ಷರ ಓದಿದಳು. ಮೊದಲು ಮೈದಾ. ಎರಡನೆಯದು ಸಕ್ಕರೆ. ಮೂರನೆಯದು ಪಾಮ್ ಎಣ್ಣೆ. ನಾಲ್ಕನೆಯದು ರಾಗಿ ಹಿಟ್ಟು, ಪಕ್ಕದಲ್ಲಿ 8%. "ಅಪ್ಪ, ಇದು ಮೈದಾ ಬಿಸ್ಕತ್ತು. ರಾಗಿ ಸುಮ್ನೆ ಫೋಟೋಗೆ ಬಂದಿದೆ" ಅಂದಳು. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ತಮ್ಮ ಬುಟ್ಟಿಯಲ್ಲಿದ್ದ ಅದೇ ಪ್ಯಾಕೆಟ್ ತೆಗೆದು ವಾಪಸ್ ಇಟ್ಟರು.

ಆಮೇಲೆ ಕಂದು ಬ್ರೆಡ್ಡು. ಅದರಲ್ಲೂ ಮೊದಲು ಮೈದಾ, ಕೊನೆಯಲ್ಲಿ ಬಣ್ಣ 150 ಏನೋ ಇತ್ತು. ಅದೇನು?

ಆಸ್ಪತ್ರೆ_ಅಡುಗೆಮನೆ · ಭಾನುವಾರ, ರಾತ್ರಿ 8:05

ನಿಮ್ಮ ಮಗಳಿಗೆ ನನ್ನ ಕೆಲಸ ಕೊಡಿಸುತ್ತೇನೆ. 150 ಅಂದರೆ ಕ್ಯಾರಮೆಲ್ ಬಣ್ಣ. ಬ್ರೆಡ್ಡು ಕಂದು ಆಗಿದ್ದು ಗೋಧಿ ತೌಡಿನಿಂದಲ್ಲ, ಬಣ್ಣದಿಂದ.

ಪ್ಯಾಕೆಟ್ ಹಿಂದಿನ ಪಟ್ಟಿ ತೂಕದ ಕ್ರಮದಲ್ಲಿ ಇರಬೇಕು ಅಂತ ನಿಯಮವೇ ಇದೆ. ಹೆಚ್ಚು ಇರುವುದು ಮೊದಲು. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಮುಕ್ಕಾಲು ಕಥೆ ತಿಳಿಯುತ್ತದೆ. ಸಕ್ಕರೆ ವೇಷ ಮರೆಸಿಕೊಂಡು ಬರುತ್ತದೆ: ಗ್ಲೂಕೋಸ್ ಸಿರಪ್, ಮಾಲ್ಟೋಡೆಕ್ಸ್ಟ್ರಿನ್, ಇನ್ವರ್ಟ್ ಸಿರಪ್. ಪೌಷ್ಟಿಕಾಂಶದ ಕೋಷ್ಟಕದಲ್ಲಿ 100 ಗ್ರಾಂ ಲೆಕ್ಕ ನೋಡಿ. ಅವರು ಹೇಳುವ "ಒಂದು ಸರ್ವಿಂಗ್" ಎರಡು ಬಿಸ್ಕತ್ತು ಇರುತ್ತದೆ, ಎರಡೇ ತಿಂದು ಎದ್ದವರನ್ನು ನಾನು ಕಂಡಿಲ್ಲ.

ಮಗಳ ಹಾಲಿಗೆ ಹಾಕುವ ಪುಡಿಯನ್ನೂ ಹಾಗೇ ತಿರುಗಿಸಿ ನೋಡಿ. 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯಿರಿ ಅಂತ ಹೇಳಿತ್ತು. ನಮ್ಮ ಆಹಾರ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅಂತ ಒಂದು ವರ್ಗವೇ ಇಲ್ಲ.

ಡಬ್ಲಿನ್_ಕನ್ನಡಿಗ · ಸೋಮವಾರ, ಬೆಳಗಿನ ಜಾವ 1:30

ಇಲ್ಲಿ ತೊಂಡೆಕಾಯಿ, ಹರಿವೆ ಸೊಪ್ಪು ಸಿಕ್ಕರೂ ಚಿನ್ನದ ಬೆಲೆ. ಫ್ರೀಜರ್‌ನ ಬಟಾಣಿ, ಪಾಲಕ್, ಬೀನ್ಸ್ ಮೇಲೆ ಬದುಕಿದ್ದೇವೆ. ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ ಪಲ್ಯವೇ. ಗಾಂಧಿ ಬಜಾರು ನಡೆಯುವ ದೂರದಲ್ಲಿ ಇಟ್ಟುಕೊಂಡು ವಾರಕ್ಕೆ 4 ಕೆಜಿ ತರುತ್ತಿದ್ದಿರಾ? ಹೊಟ್ಟೆಕಿಚ್ಚಾಗುತ್ತಿದೆ.

ಚಾಮರಾಜಪೇಟೆ_ಕಾಫಿ · ಐದು ವಾರಗಳ ನಂತರ, ಶನಿವಾರ, ರಾತ್ರಿ 9:15

ವರದಿ ಒಪ್ಪಿಸೋಕೆ ಬಂದೆ. ರಕ್ತ ಪರೀಕ್ಷೆಗೆ ಇನ್ನೂ ಟೈಮ್ ಇದೆ. ತೂಕ ಎರಡು ಕೆಜಿ ಇಳಿದಿದೆ, ಬೆಲ್ಟ್ ಒಂದು ತೂತು ಒಳಗೆ ಹೋಗಿದೆ.

ಈ ತಿಂಗಳ ಚೀಟಿ: ಅಕ್ಕಿ 15, ಗೋಧಿ 4, ರಾಗಿ 4, ಜೋಳದ ಹಿಟ್ಟು 3, ರವೆ ಅವಲಕ್ಕಿ 3. ಬೇಳೆಕಾಳು ಏಳೂವರೆ, ಅದರಲ್ಲಿ ಹುರುಳಿ ಒಂದೂವರೆ, ಹೆಸರುಕಾಳು ಒಂದು, ಕಡಲೆಕಾಳು ಒಂದು. ಕಡಲೆಕಾಯಿ ಬೀಜ 2. ಸಕ್ಕರೆ 2, ಬೆಲ್ಲ ಅರ್ಧ. ಎಣ್ಣೆ ಮೂರೂವರೆ. ತರಕಾರಿ ವಾರಕ್ಕೆ 8. ಬಿಸ್ಕತ್ತು ಎರಡು ಪ್ಯಾಕೆಟ್, ಅಮ್ಮ ಮತ್ತು ನೆಂಟರ ಹೆಸರಿನಲ್ಲಿ.

ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಮೊದಲ ವಾರ ಎಣ್ಣೆ ಕಡಿಮೆ ಹಾಕಿದ ಬೆಂಡೆಕಾಯಿ ಪಲ್ಯ ಗೋಂದಿನ ಹಾಗಿತ್ತು. ಬೆಂಡೆಯನ್ನು ತೊಳೆದು ಒರೆಸಿ ಆಮೇಲೆ ಹೆಚ್ಚಬೇಕು, ತಟ್ಟೆ ಮುಚ್ಚದೆ ಹುರಿಯಬೇಕು ಅಂತ ಹೆಂಡತಿಯ ತಾಯಿ ಫೋನಿನಲ್ಲಿ ಹೇಳಿಕೊಟ್ಟರು. ಎಣ್ಣೆಗೆ ಒಂದು ಉಪಾಯ ಮಾಡಿದ್ದೇವೆ. ಡಬ್ಬದಿಂದ ಭಾನುವಾರ 800 ಮಿಲಿ ಒಂದು ಬಾಟಲಿಗೆ ಸುರಿಯುತ್ತೇವೆ. ಶನಿವಾರದವರೆಗೆ ಅಷ್ಟೇ. ಮೊದಲ ವಾರ ಗುರುವಾರಕ್ಕೇ ಖಾಲಿ, ಎರಡು ದಿನ ಇಡ್ಲಿ, ಬೇಯಿಸಿದ ಕಾಳು. ಈ ವಾರ ಬಾಟಲಿಯಲ್ಲಿ ಇನ್ನೂ ಎರಡು ಬೆರಳು ಎತ್ತರ ಉಳಿದಿದೆ. ಬಾಟಲಿ ಈಗ ಮಗಳ ಉಸ್ತುವಾರಿ, ಅವಳ ಅನುಮತಿ ಇಲ್ಲದೆ ಹಪ್ಪಳ ಇಲ್ಲ.

ಅಮ್ಮ ಮಾತ್ರ ಸತ್ಯಾಗ್ರಹ ಹೂಡಿದರು. "ಎಪ್ಪತ್ತು ವರ್ಷ ಅನ್ನ ಉಂಡಿದ್ದೇನೆ, ಈಗ ನನ್ನ ತಟ್ಟೆಗೆ ಹುಲ್ಲು ಹಾಕುತ್ತೀಯಾ" ಅಂದರು. ಹುರುಳಿ ಅವರಿಗೆ ಆಗಲಿಲ್ಲ, ಹೊಟ್ಟೆ ಉಬ್ಬರ. ಈಗ ಅವರಿಗೆ ಹೆಸರುಬೇಳೆ ತೊವ್ವೆ, ಸ್ವಲ್ಪ ಮೆತ್ತಗಿನ ಅನ್ನ, ಒಂದು ಚಮಚ ತುಪ್ಪ. ಅದಕ್ಕೆ ನಾನು ಕೈ ಹಾಕಲ್ಲ. ಆದರೆ ಅಂಬಲಿಗೆ ಬೆಲ್ಲ ಬಿಟ್ಟು ಮಜ್ಜಿಗೆ ಹಾಕಿಕೊಳ್ಳುತ್ತಿದ್ದಾರೆ, ಅದನ್ನು ಅವರೇ ಮಾಡಿದ್ದು, ಯಾರೂ ಹೇಳಲಿಲ್ಲ.

ಕಾಫಿ ಮೂರರಿಂದ ಎರಡಕ್ಕೆ ಬಂದಿದೆ. ಸಕ್ಕರೆ ಎರಡು ಚಮಚದಿಂದ ಮುಕ್ಕಾಲು. ಪೂರ್ತಿ ಬಿಡೋಕೆ ಆಗಲಿಲ್ಲ. ಆಫೀಸಿನಲ್ಲಿ ವಾರಕ್ಕೊಂದು ಹುಟ್ಟುಹಬ್ಬದ ಕೇಕು ಬೇರೆ. ಮೊನ್ನೆ ತಿಂದೆ. ಹೇಳದೆ ಇದ್ದರೆ ಚೀಟಿಗೆ ಮೋಸ ಮಾಡಿದ ಹಾಗೆ.

ಹಣದ ಲೆಕ್ಕ ಮೇಡಂಗಾಗಿ: ಹೋದ ತಿಂಗಳಿಗಿಂತ ತರಕಾರಿ, ಕಾಳಿಗೆ ಜಾಸ್ತಿ ಆಯಿತು. ಅಕ್ಕಿ, ಎಣ್ಣೆ, ಸಕ್ಕರೆ, ಬಿಸ್ಕತ್ತಿನಲ್ಲಿ ಉಳಿಯಿತು. ಪೂರ್ತಿ ಸರಿದೂಗಲಿಲ್ಲ, ಕೊನೆಗೆ ಸುಮಾರು 600 ರೂಪಾಯಿ ಜಾಸ್ತಿ.

ಲೆಕ್ಕದ_ಮೇಡಂ · ಶನಿವಾರ, ರಾತ್ರಿ 9:50

ಧಾನ್ಯ 29 ಕೆಜಿ, ತಲೆಗೆ 242 ಗ್ರಾಂ. ಕಾಳು 62. ಸಕ್ಕರೆ 21. ತರಕಾರಿ 267, ಇನ್ನೂ ಬೇಕು. ಹಣ್ಣು ಚೀಟಿಯಲ್ಲಿ ಕಾಣಲಿಲ್ಲ, ಮರೆತಿರಾ? ಸೀಬೆ, ಪಪ್ಪಾಯಿ ತನ್ನಿ. ಉಪ್ಪು ಬರೆದೇ ಇಲ್ಲ, ಅದು ಮರೆವಲ್ಲ ಅಂತ ನನಗೆ ಗೊತ್ತು.

ರಾತ್ರಿ_ಪಾಳಿ · ಭಾನುವಾರ, ಬೆಳಗಿನ ಜಾವ 2:20

ಮೊಳಕೆ ಬರುತ್ತಿದೆ ಮೇಡಂ. ಬಕೆಟ್ ಹಿಡಿಯಲ್ಲಿ ಈಗ ಮೂರು ಗಂಟು ನೇತಾಡುತ್ತಿವೆ, ರೂಮ್‌ಮೇಟ್‌ಗಳಿಬ್ಬರೂ ಶುರು ಮಾಡಿದ್ದಾರೆ. ಸ್ನಾನಕ್ಕೆ ಮಗ್ಗು ಸಾಕಾಗುತ್ತಿದೆ.

ಹಾಸನದ_ರಾಗಿ_ಹೊಲ · ಭಾನುವಾರ, ಬೆಳಿಗ್ಗೆ 7:30

4 ಕೆಜಿ ರಾಗಿ ನೋಡಿ ಕಣ್ಣು ತುಂಬಿ ಬಂತು. ಹುರುಳಿ ಬಸ್ಸಾರು ಮಾಡಿದ್ದೀರಾ ಇಲ್ವಾ? ಅದಿಲ್ಲದೆ ಮುದ್ದೆ ಏನು ಚಂದ.

ಚಾಮರಾಜಪೇಟೆ_ಕಾಫಿ · ಭಾನುವಾರ, ಬೆಳಿಗ್ಗೆ 8:10

ಮಾಡಿದೆ, ನೀರುನೀರಾಗಿ ಬಂತು. ಕಟ್ಟು ಗಟ್ಟಿಯಾಗೋದು ಹೇಗೆ?

ಹಾಸನದ_ರಾಗಿ_ಹೊಲ · ಭಾನುವಾರ, ಬೆಳಿಗ್ಗೆ 8:14

ಬೆಂದ ಕಾಳು ಒಂದು ಹಿಡಿ ತೆಗೆದು ಖಾರದ ಜೊತೆ ರುಬ್ಬಿ, ಸುಟ್ಟ ಈರುಳ್ಳಿ ಬೆಳ್ಳುಳ್ಳಿ ಸೇರಿಸಿ. ಅದನ್ನು ಕಟ್ಟಿಗೆ ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಗ್ಗರಣೆಗೆ ಎಷ್ಟು ಎಣ್ಣೆ ಅಂತ ನಿಮ್ಮ ಮಗಳನ್ನು ಕೇಳಿ.